ಜಾತ್ರೆ ಪ್ಯಾರಿಸ್‌ನಲ್ಲಿ, ಬೆಳ್ಳಿ ಸೇಂಟ್ ರೆಮಿಯಲ್ಲಿ

ಹಾಸನದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯ ಐಫೆಲ್ ಟವರ್ ಲೇಖನದ ಪಕ್ಕದಲ್ಲಿ ವ್ಯಾನ್ ಗೋನ ‘ನಕ್ಷತ್ರಗಳ ರಾತ್ರಿ’ ಚಿತ್ರ ಹಾಕಿ, ಕೆಳಗೆ ‘ಪ್ಯಾರಿಸ್, 1889’ ಅಂತ ಬರೆದಿದ್ದೀರಿ. ಆ ವರ್ಷ ಅವನು ಪ್ಯಾರಿಸ್‌ನಲ್ಲೇ ಇದ್ದನಾ? ಟವರ್ ನೋಡಿದ್ದನಾ? ದೊಡ್ಡ ದೊಡ್ಡ ಕಲಾವಿದರೆಲ್ಲ ಒಂದೇ ಊರಲ್ಲಿದ್ದ ಆ ವರ್ಷಕ್ಕೆ ಒಂದು ಸಲ ಹೋಗಿ ಬರುವ ಹಾಗಿದ್ದರೆ ಎಷ್ಟು ಚೆನ್ನ!"

ಸಂಪಾದಕರ ಉತ್ತರ:

ಇಸವಿ ಸರಿ, ಊರು ತಪ್ಪು. ಆ ಸಾಲು ಬರೆದವನು ನಾನೇ, ಪುಟ ಅಚ್ಚಿಗೆ ಹೋಗುವ ರಾತ್ರಿ, ನಿದ್ದೆಗಣ್ಣಲ್ಲಿ. ಕ್ಷಮಿಸಿ.

1889ರ ಮೇ 6ರಂದು ಪ್ಯಾರಿಸ್‌ನಲ್ಲಿ ವಿಶ್ವ ಪ್ರದರ್ಶನ ಶುರುವಾಯಿತು. ಎರಡೇ ದಿನ ಬಿಟ್ಟು, ಮೇ 8ಕ್ಕೆ, ವ್ಯಾನ್ ಗೋ ದಕ್ಷಿಣ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಗೆ ತಾನಾಗಿಯೇ ಹೋಗಿ ಸೇರಿಕೊಂಡ. ಮಹಡಿ ಮೇಲೊಂದು ಕೋಣೆ. ಪೂರ್ವಕ್ಕೆ ಕಿಟಕಿ, ಕಿಟಕಿಗೆ ಕಬ್ಬಿಣದ ಸರಳು. ಆಚೆ ಗೋಡೆ ಕಟ್ಟಿದ ಗೋಧಿ ಹೊಲ, ಅದರಾಚೆ ಬೆಟ್ಟ. ಒಂದು ದಿನ ಸೂರ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕಿಟಕಿಯಲ್ಲಿ ನಿಂತಿದ್ದೆ, ಬೆಳ್ಳಿ (ಮುಂಜಾನೆ ಕಾಣುವ ಶುಕ್ರ) ತುಂಬಾ ದೊಡ್ಡದಾಗಿ ಕಾಣುತ್ತಿತ್ತು ಅಂತ ತಮ್ಮ ಥಿಯೋಗೆ ಬರೆದ. ನಾವು ಹಾಕಿದ ಚಿತ್ರವನ್ನೇ ತೆಗೆದು ನೋಡಿ. ಸೈಪ್ರೆಸ್ ಮರದ ಬಲಕ್ಕೆ, ಬೆಟ್ಟದಿಂದ ಸ್ವಲ್ಪವೇ ಮೇಲೆ, ಬೆಳ್ಳಗೆ ಹೊಳೆಯುತ್ತಿದೆಯಲ್ಲ, ಅದೇ ನಮ್ಮ ಬೆಳ್ಳಿ.

ಆದರೆ ಕೆಳಗಿರುವ ಹಳ್ಳಿ ಆ ಕಿಟಕಿಗೆ ಕಾಣುತ್ತಿರಲಿಲ್ಲ. ಚರ್ಚಿನ ಚೂಪು ಗೋಪುರವಂತೂ ಅವನ ತವರು ಹಾಲೆಂಡಿನ ಕಡೆಯದು. ಮಲಗುವ ಕೋಣೆಯಲ್ಲಿ ಬಣ್ಣ ಮುಟ್ಟುವಂತಿರಲಿಲ್ಲ. ಹಾಗಾಗಿ ಕೆಳಗಿನ ಕೋಣೆಯಲ್ಲಿ ಕೂತು, ರಾತ್ರಿ ನೋಡಿದ್ದನ್ನು ಜೂನ್ ತಿಂಗಳಲ್ಲಿ ಹಗಲು ಹೊತ್ತಿನಲ್ಲಿ ಬರೆದ. ನವೆಂಬರಿಗೆ ಗೆಳೆಯ ಬರ್ನಾರ್ಡ್‌ಗೆ ಬರೆದ ಪತ್ರದಲ್ಲಿ, ನಕ್ಷತ್ರಗಳನ್ನು ಅತಿ ದೊಡ್ಡದು ಮಾಡಿದೆ, ಅದೂ ಕೈಕೊಟ್ಟಿತು, ಇನ್ನು ಸಾಕು ಅನ್ನುವ ಧಾಟಿ ಇದೆ!

ಇನ್ನು ಆ ವರ್ಷಕ್ಕೆ ಹೋಗಿ ಬರುವ ಮಾತು. ಸರಿ, ಹೋದಿರಿ ಅಂತಲೇ ಇಟ್ಟುಕೊಳ್ಳೋಣ. ಏನು ನೋಡುತ್ತಿದ್ದಿರಿ? ನಾನಾಗಿದ್ದರೆ ಸೀದಾ ಟವರ್ ಹತ್ತಿರ ಓಡುತ್ತಿದ್ದೆ, ನೀವೂ ಅಷ್ಟೇ. ಮೇ 15ಕ್ಕೆ ಅದನ್ನು ಜನರಿಗೆ ಬಿಟ್ಟಾಗ ಲಿಫ್ಟ್ ಇನ್ನೂ ಓಡುತ್ತಿರಲಿಲ್ಲ. ಸುಮಾರು 30,000 ಜನ ಮೆಟ್ಟಿಲು ಹತ್ತಿಯೇ ಮೇಲೆ ಹೋದರಂತೆ. ಪ್ರದರ್ಶನಕ್ಕೆ ಒಟ್ಟು ಬಂದವರು 3 ಕೋಟಿಗೂ ಜಾಸ್ತಿ. ಆಮೇಲೆ ಕಾಲು ನೋವು ಅಂತ ಚಿತ್ರಶಾಲೆಯೊಳಗೆ ಕೂರುತ್ತಿದ್ದಿರಿ. ಅಲ್ಲಿ ತೀರ್ಪುಗಾರರ ಅಧ್ಯಕ್ಷ ಮೆಸೋನ್ಯೇ. ಯುದ್ಧದ ಚಿತ್ರಗಳಲ್ಲಿ ಸೈನಿಕನ ಗುಂಡಿಯನ್ನೂ ಬಿಡದೆ ಬರೆಯುತ್ತಿದ್ದವನು, ಆ ಕಾಲದ ಕುಬೇರ. ಇವತ್ತು ಹೆಸರು ಕೇಳಿದವರು ಎಷ್ಟು ಜನ?

ಅದೇ ಬೇಲಿಯೊಳಗೆ, ಚಿತ್ರಶಾಲೆಯ ಹತ್ತಿರದಲ್ಲೇ, ವೋಲ್ಪಿನಿ ಎಂಬಾತನ ಕೆಫೆ ಇತ್ತು. ಗೋಡೆಗೆ ಹಾಕಬೇಕಾಗಿದ್ದ ದೊಡ್ಡ ಕನ್ನಡಿಗಳು ಸಮಯಕ್ಕೆ ಬರಲಿಲ್ಲ. ಬೋಳು ಗೋಡೆ ಇಟ್ಟುಕೊಂಡು ವ್ಯಾಪಾರ ಹೇಗೆ? ಚಿತ್ರಕಾರ ಗೊಗ್ಯಾನ ಗೆಳೆಯ ಶೂಫೆನೆಕರ್ ಹೋಗಿ ಮಾತಾಡಿದ. ದಾಳಿಂಬೆ ಕೆಂಪಿನ ಬಟ್ಟೆ ಹೊದಿಸಿದ ಗೋಡೆ ಮೇಲೆ ಗೊಗ್ಯಾ ಮತ್ತು ಗೆಳೆಯರ ಚಿತ್ರಗಳು ಏರಿದವು. ಗೊಗ್ಯಾ ಹಳದಿ ಕಾಗದದ ಮೇಲೆ ಅಚ್ಚು ಹಾಕಿಸಿದ ಚಿತ್ರಗಳ ಕಟ್ಟೂ ಇತ್ತು, ಕೇಳಿದವರಿಗೆ ಮಾತ್ರ ತೋರಿಸುತ್ತಿದ್ದರು. ಜನ ಬಿಯರ್ ಕುಡಿದರು, ಎದ್ದು ಹೋದರು. ಒಂದು ಚಿತ್ರವೂ ಮಾರಾಟವಾಗಲಿಲ್ಲ. ವ್ಯಾನ್ ಗೋನ ಚಿತ್ರ ಅಲ್ಲಿಗೂ ಬರಲಿಲ್ಲ. ಇದು ಜಾತ್ರೆಗೆ ಹಿಂಬದಿಯ ಮೆಟ್ಟಿಲಿಂದ ನುಗ್ಗಿದ ಹಾಗೆ ಅಂತ ಥಿಯೋ ಬೇಡವೆಂದಿದ್ದ. ಥಿಯೋ ಮೇಲೆ ನನಗೆ ಗೌರವವಿದೆ, ಆದರೆ ಈ ವಿಷಯದಲ್ಲಿ ನಾನು ಶೂಫೆನೆಕರ್ ಕಡೆ. ಹಿಂಬದಿ ಮೆಟ್ಟಿಲಾದರೂ ಮೆಟ್ಟಿಲೇ ಅಲ್ವಾ? ಅಲ್ಲಿಗೆ ಬಂದ ಕೆಲವು ಹುಡುಗರು ಗೊಗ್ಯಾನ ಬಣ್ಣವನ್ನು ತಲೆಯಲ್ಲಿ ತುಂಬಿಕೊಂಡು ಹೋದರು.

ಇನ್ನೊಂದು ಮೂಲೆಯಲ್ಲಿ ಜಾವಾದ ಹಳ್ಳಿ. ಬಿದಿರಿನ ಮನೆಗಳು, ಕುಣಿಯುವ ಹುಡುಗಿಯರು, ಹಿಂದೆ ಗ್ಯಾಮೆಲಾನ್ ಎಂಬ ಕಂಚಿನ ವಾದ್ಯಗಳ ಮೇಳ. ವಸಾಹತುಗಳಿಂದ ಮನುಷ್ಯರನ್ನು ಕರೆತಂದು ಸಾಮಾನಿನ ಹಾಗೆ ತೋರಿಸುವ ಏರ್ಪಾಡು ಅದು. ಓದುವಾಗ ಈಗಲೂ ಮುಜುಗರವಾಗುತ್ತದೆ. ಆದರೆ ಅಲ್ಲಿಗೆ ಬಂದವರಲ್ಲಿ 26ರ ಹರೆಯದ ಫ್ರೆಂಚ್ ಸಂಗೀತಗಾರ ದೆಬುಸಿಯೂ ಇದ್ದ. ಬೇರೆಯವರು ಕುಣಿತ ನೋಡಿದರು, ಇವನು ಗಂಟೆಗಳನ್ನು ಕೇಳಿದ. ಆ ನಾದ ಅವನನ್ನು ಬಿಡಲೇ ಇಲ್ಲ. 1903ರ ‘ಪಗೋಡ್’ ಎಂಬ ಪಿಯಾನೋ ಕೃತಿಯನ್ನು ಕೇಳಿ ನೋಡಿ, ಯೂಟ್ಯೂಬಿನಲ್ಲಿ ಸಿಗುತ್ತದೆ. ಪಿಯಾನೋದೊಳಗೆ ಯಾರೋ ಕಂಚು ತಟ್ಟಿದ ಹಾಗಿದೆ.

"ಎಲ್ಲರೂ ಒಂದೇ ಊರಲ್ಲಿ" ಅಂದಿರಿ. ಹಾಗೇನಿಲ್ಲ. ಜನವರಿಯಲ್ಲಿ ಜರ್ಮನ್ ತತ್ವಜ್ಞಾನಿ ನೀಚೆ ಇಟಲಿಯ ಟ್ಯೂರಿನ್‌ನಲ್ಲಿ ಬುದ್ಧಿಯ ಹಿಡಿತ ಕಳೆದುಕೊಂಡ. ನವೆಂಬರ್ 20ರಂದು ಬುಡಾಪೆಸ್ಟ್‌ನಲ್ಲಿ ಸಂಗೀತಗಾರ ಮಾಹ್ಲರ್‌ನ ಮೊದಲ ಸಿಂಫನಿ. ಮಕ್ಕಳ ಹಾಡಿನ ಧಾಟಿಯನ್ನು ಶವಯಾತ್ರೆಗೆ ಹೊಂದಿಸಿದ್ದು ಕೇಳಿ ಸಭೆ ತಬ್ಬಿಬ್ಬಾಯಿತು. ಪ್ಯಾರಿಸ್‌ನ ಪಾಲಿಗೆ ಅಕ್ಟೋಬರಿನಲ್ಲಿ ಮೂಲಾನ್ ರೂಜ್ ಎಂಬ ಕುಣಿತದ ಮನೆ ಬಾಗಿಲು ತೆರೆಯಿತು, ಅದರ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ.

ಕೊನೆಗೆ ನಿಮ್ಮ ಟವರ್ ಪ್ರಶ್ನೆ. ವ್ಯಾನ್ ಗೋ ಪ್ಯಾರಿಸ್ ಬಿಟ್ಟಿದ್ದು 1888ರ ಫೆಬ್ರವರಿಯಲ್ಲಿ. ಆಗ ಟವರ್‌ಗೆ ಬರೀ ಕಾಲುಗಳಿದ್ದವು, ಮೈ ಇನ್ನೂ ಬಂದಿರಲಿಲ್ಲ. ಮತ್ತೆ ಆ ಊರಿಗೆ ಬಂದಿದ್ದು 1890ರ ಮೇ ತಿಂಗಳಲ್ಲಿ. ಥಿಯೋ ಮನೆಯಲ್ಲಿ ಮೂರೇ ದಿನ ಇದ್ದ, ತಮ್ಮನ ಪುಟ್ಟ ಮಗುವನ್ನು ನೋಡಿದ. ಗದ್ದಲ ತಡೆಯಲಾರದೆ ಓವೇರ್ ಎಂಬ ಹಳ್ಳಿಗೆ ಹೊರಟುಬಿಟ್ಟ. ಪೂರ್ತಿ ಎದ್ದು ನಿಂತಿದ್ದ 300 ಮೀಟರಿನ ಕಬ್ಬಿಣ ಆ ಮೂರು ದಿನ ಅವನ ಕಣ್ಣಿಗೆ ಬೀಳದೆ ಇದ್ದೀತೇ? ಬಣ್ಣದಲ್ಲಂತೂ ಅದನ್ನು ಬರೆಯಲಿಲ್ಲ.

ಚಿತ್ರದ ಕೆಳಗಿನ ಸಾಲನ್ನು ದಯವಿಟ್ಟು ಹೀಗೆ ಓದಿಕೊಳ್ಳಿ: ಸೇಂಟ್ ರೆಮಿ, ಜೂನ್ 1889.