ಶಾಸಕರು ಕರೆದರೆ ಹೋಗಬೇಕಾ?

ಕಟಪಾಡಿಯ ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಮ್ಯಾನೇಜರ್, ಬರೆಯುತ್ತಾರೆ: "ವಿಧಾನಸಭೆಯ ಸಮಿತಿ ಫೇಸ್‌ಬುಕ್ ಕಂಪನಿಯವರನ್ನೂ ಸಾಕ್ಷಿಗೆ ಕರೆಯಬಹುದು ಎಂಬ ಸುಪ್ರೀಂ ಕೋರ್ಟ್ ತೀರ್ಪನ್ನು ನೀವು ಹೊಗಳಿ ಬರೆದಿರಿ. ಕೋರ್ಟು, ಪೊಲೀಸು, ಲೋಕಾಯುಕ್ತ ಎಲ್ಲ ಇರುವಾಗ ಶಾಸಕರಿಗೆ ಈ ಸಮನ್ಸ್ ಯಾಕೆ? ಸದನದಲ್ಲಿ ಮೊಬೈಲ್ ನೋಡುತ್ತಾ ಕೂರುವವರ ಎದುರು ಮರ್ಯಾದಸ್ಥರು ಕೈಕಟ್ಟಿ ನಿಲ್ಲಬೇಕಾ?"

ರಾಯರೇ, ಸಾಲದ ಫೈಲನ್ನು ಪುಟ ಬಿಡದೆ ಓದಿದವರು ನೀವು. ಫೈಲು ಬಿಚ್ಚದೆ ಪ್ರಶ್ನೆ ಕೇಳುವವರನ್ನು ಕಂಡರೆ ನಿಮಗೆ ಸಿಟ್ಟು ಬರುವುದು ಸಹಜ. ನಿಮ್ಮ ಹೆದರಿಕೆಗೂ ಕಾರಣ ಇದೆ. 2017ರಲ್ಲಿ ನಮ್ಮದೇ ವಿಧಾನಸಭೆ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಅಂತ ತೀರ್ಮಾನ ಮಾಡಿತು. 1987ರಲ್ಲಿ ತಮಿಳುನಾಡಿನಲ್ಲಿ ವಾರಪತ್ರಿಕೆಯ ಮುಖಪುಟದ ಒಂದು ವ್ಯಂಗ್ಯಚಿತ್ರಕ್ಕೆ ಸಂಪಾದಕರಿಗೆ ಮೂರು ತಿಂಗಳ ಶಿಕ್ಷೆ ಆಯಿತು. ಇದನ್ನು ಬರೆಯುವ ನಾನೂ ಸಂಪಾದಕನೇ. ಹಾಗಾಗಿ ಈ ಹೆದರಿಕೆಯನ್ನು ನೀವು ನನಗೆ ವಿವರಿಸಬೇಕಾಗಿಲ್ಲ.

ಆದರೆ ಅವೆಲ್ಲ ಹಕ್ಕುಚ್ಯುತಿಯ ಕಥೆಗಳು. ಶಾಸಕರಿಗೆ ಅವಮಾನ ಆಯಿತು, ಅವರೇ ದೂರು ಕೊಟ್ಟರು, ಅವರೇ ತೀರ್ಪು ಹೇಳಿದರು. ಅದು ತಪ್ಪು. ಸಾಕ್ಷಿಗೆ ಕರೆಯುವುದು ಬೇರೆ ವಿಷಯ. ನೀವು ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಹೊಳೆಗೆ ಎಸೆಯಲು ಹೊರಟಿದ್ದೀರಿ.

ತೀರ್ಪನ್ನೇ ನೋಡಿ. 2020ರ ಫೆಬ್ರವರಿಯ ದಿಲ್ಲಿ ಗಲಭೆಯ ನಂತರ, ದ್ವೇಷದ ಪೋಸ್ಟ್‌ಗಳನ್ನು ಫೇಸ್‌ಬುಕ್ ತಡೆಯಲಿಲ್ಲ ಎಂಬ ದೂರಿನ ಮೇಲೆ ಅಲ್ಲಿನ ವಿಧಾನಸಭೆಯ ಸಮಿತಿ ಆ ಕಂಪನಿಯ ಭಾರತದ ಮುಖ್ಯಸ್ಥರನ್ನು ಕರೆಯಿತು. ಅವರು ಹೋಗುವ ಬದಲು ಕೋರ್ಟಿಗೆ ಹೋದರು. 2021ರ ಜುಲೈ 8ರಂದು ಮೂವರು ನ್ಯಾಯಮೂರ್ತಿಗಳು ಹೇಳಿದ್ದು ಇಷ್ಟು: ಸದನದ ಸದಸ್ಯರಲ್ಲದವರನ್ನೂ ಸಮಿತಿ ಕರೆಯಬಹುದು, ಕರೆದರೆ ಬರಬೇಕು. ಆದರೆ ಸಮಿತಿ ತನಿಖಾ ಸಂಸ್ಥೆಯ ಹಾಗೆ ಆರೋಪ ಹೊರಿಸಲು ಹೊರಡಬಾರದು. ದಿಲ್ಲಿಯಲ್ಲಿ ಪೊಲೀಸ್ ಮತ್ತು ಕಾನೂನು ಸುವ್ಯವಸ್ಥೆ ಕೇಂದ್ರದ ಕೈಯಲ್ಲಿದೆ. ಹಾಗಾಗಿ ಆ ಬಗ್ಗೆ ಕೇಳಿದರೆ ಸಾಕ್ಷಿ ಉತ್ತರ ಕೊಡದಿರಬಹುದು. ನವೆಂಬರಿನಲ್ಲಿ ಕಂಪನಿಯ ಅಧಿಕಾರಿಯೊಬ್ಬರು ಬಂದು ಕೂತರು. ಕೆಲವು ಪ್ರಶ್ನೆಗಳಿಗೆ ಬಾಯಿ ಬಿಡಲಿಲ್ಲ. ಯಾವ ಪ್ರಶ್ನೆಗೆ ಬಿಡಲಿಲ್ಲ ಅನ್ನುವುದಾದರೂ ನಮಗೆ ಗೊತ್ತಾಯಿತು, ಅಲ್ವಾ? ಈ ದೇಶದಲ್ಲಿ ಆಗಲೇ ಸುಮಾರು 27 ಕೋಟಿ ಬಳಕೆದಾರರಿದ್ದ ಕಂಪನಿ ಅದು. ಒಂದು ಮಧ್ಯಾಹ್ನ ಬಂದು ಕೂತರೆ ಅವರ ಮರ್ಯಾದೆ ಏನೂ ಸವೆಯುವುದಿಲ್ಲ.

ಕೋರ್ಟು ಇದೆಯಲ್ಲ ಅನ್ನುತ್ತೀರಿ. ಕೋರ್ಟಿಗೆ ಹೋಗಲು ಒಬ್ಬ ವಾದಿ, ಒಬ್ಬ ಪ್ರತಿವಾದಿ ಬೇಕು. ಸದನ ಸಮಿತಿಗೆ ಬೇಡ. ಎ.ಟಿ. ರಾಮಸ್ವಾಮಿಯವರ ಸಮಿತಿ ಬೆಂಗಳೂರು ನಗರ ಜಿಲ್ಲೆಯ ಒತ್ತುವರಿಯನ್ನು ಕೆದಕಿದಾಗ ಯಾರೂ ಕಟಕಟೆಯಲ್ಲಿ ಇರಲಿಲ್ಲ. ಅಧಿಕಾರಿಗಳನ್ನು ಕೂರಿಸಿ, ಪಹಣಿ, ಸರ್ವೆ ದಾಖಲೆ ತರಿಸಿ ಕೇಳಿದರು. 2007ರ ಹೊತ್ತಿಗೆ ಹೊರಬಿದ್ದದ್ದು 27 ಸಾವಿರ ಎಕರೆಗೂ ಜಾಸ್ತಿ ಸರ್ಕಾರಿ ಜಾಗದ ಒತ್ತುವರಿ. ಆಮೇಲೆ ಭೂಕಬಳಿಕೆ ತಡೆಗೆ ಕಾಯ್ದೆಯೇ ಬಂತು. ಕೆರೆ ಒತ್ತುವರಿಯ ಬಗ್ಗೆ ಕೋಳಿವಾಡರ ಸಮಿತಿ 2017ರಲ್ಲಿ ಕೊಟ್ಟ ವರದಿ 10 ಸಾವಿರ ಎಕರೆಗೂ ಮೀರಿದ ಲೆಕ್ಕ ಇಟ್ಟಿತು. ಅದೇ ವರ್ಷ ಸಂಪಾದಕರ ಶಿಕ್ಷೆಯನ್ನು ಸಭಾಧ್ಯಕ್ಷರ ಪೀಠದಿಂದ ಓದಿದವರೂ ಇದೇ ಕೋಳಿವಾಡರು. ಒಬ್ಬರೇ ಮನುಷ್ಯ, ಒಂದೇ ಸದನ. ಕೆರೆಯ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ, ಇನ್ನೊಂದಕ್ಕೆ ಇಲ್ಲ.

ನಮ್ಮೂರಿನವರಿಗೆ ಈ ವಿಷಯ ದೂರದ್ದೂ ಅಲ್ಲ ಮಾರಾಯ್ರೆ. ಕಾರ್ಕಳ ತಾಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆಯವರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದು, 1973ರಲ್ಲಿ ಹಿರಿತನ ಮೀರಿ ಬೇರೆಯವರನ್ನು ಮೇಲಕ್ಕೇರಿಸಿದಾಗ ರಾಜೀನಾಮೆ ಬಿಸಾಕಿ ಬಂದವರು. (ಅದರ ಹಿಂದಿದ್ದ ಕೇಸು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳದ್ದು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸಲಾಗದು ಅಂದ ಕೇಸು. ದೇಶದ ಸಂವಿಧಾನದ ಅರ್ಧ ಚರಿತ್ರೆ ನಮ್ಮ ಕಾಸರಗೋಡು, ಕಾರ್ಕಳದ ನಡುವೆಯೇ ಇದೆ. ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ.) ಹೆಗ್ಡೆಯವರು ಲೋಕಸಭೆಯ ಸಭಾಧ್ಯಕ್ಷರಾಗಿದ್ದಾಗ, 1978ರ ಡಿಸೆಂಬರಿನಲ್ಲಿ, ಪಕ್ಕದ ಚಿಕ್ಕಮಗಳೂರಿನಿಂದ ಆಗಷ್ಟೇ ಗೆದ್ದು ಹೋಗಿದ್ದ ಇಂದಿರಾ ಗಾಂಧಿಯವರನ್ನು ಸದನ ಹೊರಹಾಕಿ ಜೈಲಿಗೆ ಕಳಿಸಿತು. ಕಾರಣ ಏನು? ಪ್ರಧಾನಿಯಾಗಿದ್ದಾಗ, ಮಗ ಸಂಜಯರ ಮಾರುತಿ ಕಂಪನಿಯ ಬಗ್ಗೆ ಸದನದಲ್ಲಿ ಬಂದ ಒಂದು ಪ್ರಶ್ನೆಗೆ ಮಾಹಿತಿ ಹುಡುಕುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಕಿರುಕುಳ ಕೊಡಿಸಿದ್ದು. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು. ಶಿಕ್ಷೆ ಬಹುಮತದ ಜೊತೆ ಹೀಗೆ ಬರುತ್ತದೆ, ಹೋಗುತ್ತದೆ. ನಾನು ಹೇಳುವುದು ಆ ಪ್ರಶ್ನೆಯ ಬಗ್ಗೆ. ಸದನದ ಒಂದು ಪ್ರಶ್ನೆಗೆ ಪ್ರಧಾನಿಯ ಮನೆಯವರೆಗೂ ನಡುಕ ಹುಟ್ಟಿಸುವ ಶಕ್ತಿ ಇತ್ತು.

ಈಗ ಎಲ್ಲಿದೆ ಆ ಶಕ್ತಿ? ಒಂದು ಗ್ರಾಮಸಭೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಅಂಗನವಾಡಿಯವರು, ಪಶುವೈದ್ಯರು ಬಂದು ತಮ್ಮ ಯೋಜನೆಗಳನ್ನು ಓದಿದರು. ಜನ ಕಾದದ್ದು ರಸ್ತೆಯ ಇಂಜಿನಿಯರಿಗೆ. ಅವರ ಕುರ್ಚಿ ಖಾಲಿ. ಹಿಂದಿನ ಸಾಲಿನ ಹೆಂಗಸೊಬ್ಬರು ಎದ್ದು, ತೊಟ್ಟೆಯಿಂದ ಜೆರಾಕ್ಸ್ ಪ್ರತಿ ತೆಗೆದು, ಮುಂದಿನ ಸಭೆಗೆ ಇಂಜಿನಿಯರ್ ಬರಬೇಕೆಂದು ಹೋದ ಸಲ ಬರೆದ ನಿರ್ಣಯವನ್ನು ಗಟ್ಟಿಯಾಗಿ ಓದಿದರು. "ಮೇಲಿನವರ ಗಮನಕ್ಕೆ ತರುತ್ತೇನೆ" ಅಂದರು ನೋಡಲ್ ಅಧಿಕಾರಿ. ಅದೂ ನಿರ್ಣಯ ಪುಸ್ತಕ ಸೇರಿತು. ನಮ್ಮ ಕಡೆ, ವ್ಯಾಜ್ಯ ತೀರ್ಮಾನಿಸುವ ಕಾನತ್ತೂರಿನ ದೈವಸ್ಥಾನದಿಂದ ಕಾಗದ ಬಂದರೆ ಎಂಥಾ ಜೋರಿನವನೂ ಎದ್ದು ಹೋಗುತ್ತಾನೆ. ಪಂಚಾಯಿತಿಯ ಕಾಗದಕ್ಕೆ ಆ ಬೆಲೆ ಇಲ್ಲ. ವಿಧಾನಸಭೆಯ ಕಾಗದಕ್ಕೆ ಇದೆ. ದಿಲ್ಲಿಯ ಹಾಗೆ ನಮಗೆ ಪೊಲೀಸ್, ಜಮೀನು ಹೊರಗಿನ ವಿಷಯವೂ ಅಲ್ಲ. ಆದರೂ ಆ ಕಾಗದ ಬರೆಯುವವರಿಲ್ಲ.

ಅದೇ ನನ್ನ ಸಂಕಟ. ಸಮಿತಿಗಳು ಬಾಗಿಲು ಮುಚ್ಚಿ ಕೂರುತ್ತವೆ. ಅಧ್ಯಯನ ಪ್ರವಾಸ ಅಂತ ಉಡುಪಿಗೆ ಬಂದರೆ ಕೃಷ್ಣಮಠ, ಮಲ್ಪೆ ಬೀಚು, ಮೀನೂಟ. ವರದಿ ಮಂಡನೆಯಾದ ದಿನ ಸದನದಲ್ಲಿ ಗದ್ದಲ, ಮರುದಿನ ಅದು ಕಪಾಟಿಗೆ. ಎಲ್ಲಕ್ಕಿಂತ ದೊಡ್ಡ ಉದಾಸೀನ ಇನ್ನೊಂದಿದೆ. ಸದನದ ಹಕ್ಕುಗಳು ಏನೇನು ಅಂತ ಕಾನೂನು ಮಾಡಿಕೊಳ್ಳಲು ಸಂವಿಧಾನದ 194ನೇ ವಿಧಿ ಅವಕಾಶ ಕೊಟ್ಟಿದೆ. ಶಾಸಕರು ಇವತ್ತಿಗೂ ಅದನ್ನು ಬರೆದುಕೊಂಡಿಲ್ಲ. ಬ್ರಿಟನ್ನಿನ ಕಾಮನ್ಸ್ ಸಭೆಯಿಂದ ಎರವಲು ತಂದದ್ದರಲ್ಲೇ ಸಂಸಾರ ನಡೆಯುತ್ತಿದೆ. ಬರೆದರೆ ಮಿತಿಯನ್ನೂ ಬರೆಯಬೇಕಾಗುತ್ತದಲ್ಲ!

ಇನ್ನು ನಿಮ್ಮ "ಕೈಕಟ್ಟಿ ನಿಲ್ಲಬೇಕಾ" ಅನ್ನುವ ಮಾತು. ಸಾಕ್ಷಿ ಅಂದರೆ ದೊಡ್ಡವರು ಮಾತ್ರ ಅಂತ ಯಾಕೆ ಅಂದುಕೊಂಡಿರಿ? ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಿಂದ ಕಡಲ್ಕೊರೆತ ತಡೆಯಲು ರೀಫ್, ಅಂದರೆ ಕಡಲೊಳಗೆ ಅಲೆ ತಡೆಯುವ ದಿಬ್ಬ, ಕಟ್ಟಿದರು. ಅಲ್ಲಿ ತಡೆದ ಅಲೆ ಪಕ್ಕದ ಊರಿಗೆ ಹೋಗಿ ಬಡಿಯುತ್ತದೆ ಅನ್ನುವ ದೂರು ಮೀನುಗಾರರದ್ದು. ಇಂಜಿನಿಯರ್ ನಕ್ಷೆ ಹಿಡಿದು ಬರಲಿ. ಕಲ್ಲು ಹಾಕಿದ ಗುತ್ತಿಗೆದಾರ ಬಿಲ್ಲು ತರಲಿ. ಮನೆ ಕಳಕೊಂಡ ಮೊಗವೀರ ಹೆಂಗಸು ಅದೇ ಮೇಜಿನ ಎದುರು ಕೂತು, ಯಾವ ಮಳೆಗಾಲದಲ್ಲಿ ಎಷ್ಟು ತೆಂಗಿನ ಮರ ಹೋಯಿತು ಅಂತ ಹೇಳಲಿ. ಮೂರೂ ಮಾತು ಒಂದೇ ದಾಖಲೆಗೆ ಸೇರಲಿ. ಯಾವ ಪ್ರತಿಭಟನೆಯಿಂದಲೂ ಇದು ಸಿಗುವುದಿಲ್ಲ.

ನಿಮ್ಮ ಪತ್ರದ ಹಿಂಬದಿಯಲ್ಲಿ ಮಟ್ಟುವಿನ ಕಡಲ ಬದಿಯ ರಸ್ತೆಯ ಗತಿಯನ್ನು ಚೆನ್ನಾಗಿ ಬರೆದಿದ್ದೀರಿ, ಫೋಟೋ ಸಮೇತ. ಅದನ್ನು ನನಗೆ ಕಳಿಸಿ ಸುಮ್ನೆ ಕೂತರೆ ಆಗಲಿಕ್ಕಿಲ್ಲ. ವಿಧಾನಸಭೆಗೆ ಅರ್ಜಿಗಳ ಸಮಿತಿ ಅಂತ ಒಂದಿದೆ. ಅರ್ಜಿಗೆ ಶಾಸಕರೊಬ್ಬರ ಸಹಿ ಬೇಕು. ಬ್ಯಾಂಕಿನಲ್ಲಿ ಬರೆಯುತ್ತಿದ್ದ ಹಾಗೆ ತಾರೀಕು, ಮೊತ್ತ, ಫೈಲ್ ನಂಬರ್ ಹಾಕಿ ಬರೆದು, ಅವರ ಕಚೇರಿಗೆ ತೆಗೆದುಕೊಂಡು ಹೋಗಿ. ಸಹಿ ಹಾಕಿದರೂ ತಿಳಿಸಿ, ನಾಳೆ ಬನ್ನಿ ಅಂದರೂ ತಿಳಿಸಿ. ಎರಡನ್ನೂ ಇದೇ ಪುಟದಲ್ಲಿ ಹಾಕುತ್ತೇನೆ.

- ಸಂ.