ಬ್ಯಾಂಕಿನ ಚೆಕ್, ಲೆಕ್ಕ ಚೆಕ್, ಚೆಕ್ಸ್ ಅಂಗಿ: ಬೇರು ಒಂದೇ

ಈ ಮೂರಕ್ಕೂ ‘ಚೆಕ್’ ಎಂಬ ಒಂದೇ ಪದ ಯಾಕೆ ಎಂದು ನಿಮ್ಮ ತರಗತಿಯ ಮಕ್ಕಳು ಕೇಳಿದ ಪ್ರಶ್ನೆ ನಿಮಗೆ ತೊಡಕಾಗಿರುವುದು ಬಹುಶಃ ಅರ್ಥಗಳನ್ನು ಬಿಡಿಬಿಡಿಯಾಗಿ ಹಿಡಿದದ್ದರಿಂದ. ಮೂಲ ಚದುರಂಗದಲ್ಲಿದೆ, ಅಲ್ಲಿಂದಲೇ ಶುರು ಮಾಡ್ರಿ.

ಮೊದಲು ಪಾರಸಿಯ ‘ಶಾಹ್’, ಅಂದರೆ ರಾಜ. ವಿಜಯಪುರದ ಮಕ್ಕಳಿಗೆ ಇದು ಸಲೀಸು. ಆದಿಲ್ ಶಾಹಿಯಲ್ಲಿರುವುದೂ ಅದೇ ಪದ. ರಾಜನ ಮೇಲೆ ದಾಳಿ ಬಿದ್ದಾಗ ಕೂಗುತ್ತಿದ್ದ ಈ ಮಾತು ಅರಬ್ಬಿ, ಲ್ಯಾಟಿನ್, ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ ‘ಚೆಕ್’ ಆಯಿತು. ರಾಜನ ನಡೆಗೆ ಬೀಳುವ ತಡೆಯಿಂದ ‘ತಡೆ’ ಎಂಬ ಅರ್ಥ, ತಡೆದು ನೋಡುವುದರಿಂದ ‘ಪರೀಕ್ಷಿಸು’. 18ನೇ ಶತಮಾನದಲ್ಲಿ, ಹಣದ ಚೀಟಿ ತಿದ್ದಿ ಮೋಸ ಮಾಡುವುದನ್ನು ತಡೆಯಲು ಇಟ್ಟುಕೊಳ್ಳುತ್ತಿದ್ದ ಪ್ರತಿತುಂಡಿಗೆ ಈ ಹೆಸರಿತ್ತು. ಆಮೇಲೆ ಅದು ಚೀಟಿಗೇ ಅಂಟಿತು. ಬ್ರಿಟಿಷರು ಅದರ ಕಾಗುಣಿತವನ್ನು check ಇಂದ cheque ಎಂದು ಬದಲಿಸಿದ್ದು ‘ಎಕ್ಸ್‌ಚೆಕರ್’ ಪದದ ಪ್ರಭಾವದಿಂದ. ಅವರ ಖಜಾನೆಯ ಆ ಹೆಸರೂ ಲೆಕ್ಕ ಹಾಕುವ ಮೇಜಿನ ಮೇಲಿನ, ಚದುರಂಗದ ಮಣೆಯಂಥ ಚೌಕಳಿ ಬಟ್ಟೆಯಿಂದ ಬಂದದ್ದು. ಎಷ್ಟು ಚಂದದ ಸುತ್ತು!

ಅಂಗಿಯ ಚೆಕ್ಸ್ ಚದುರಂಗದ ಮಣೆಯಿಂದ. ಚೌಕಡಿಯ ಇಳಕಲ್ ಸೀರೆಯೊಂದನ್ನು ಒಯ್ದು ತೋರಿಸ್ರಿ, ಸಾಕು.

ಚದುರಂಗದ ಆಟ ಮುಗಿಸುವ ‘ಚೆಕ್‌ಮೇಟ್’ ಪದದ ಮೂಲದ ಬಗ್ಗೆ ಮಾತ್ರ ಖಚಿತವಾಗಿ ಹೇಳಬ್ಯಾಡ್ರಿ. ‘ರಾಜ ಸತ್ತ’ ಎಂಬುದು ಜನಪ್ರಿಯ ವಿವರಣೆ, ‘ರಾಜ ದಿಕ್ಕುಗೆಟ್ಟ’ ಎನ್ನುವವರೂ ಇದ್ದಾರೆ. ಆಟದಲ್ಲಿ ರಾಜ ಸಾಯುವುದಿಲ್ಲವಾದ್ದರಿಂದ ನನಗೆ ಎರಡನೆಯದೇ ಸರಿ ಅನಿಸುತ್ತದೆ. ಬೋರ್ಡಿನ ಮೇಲೆ ಎರಡನ್ನೂ ಬರೀರಿ.