ಅಮ್ಮನಿಗೆ ಒಂದು ಕಪ್ಪಿನ ಕಾಫಿ ಮೆಷಿನ್: ಯಾವುದು ಸುಲಭ?
ಮನೆಯಲ್ಲಿರುವ ಕಾಫಿ ಮೆಷಿನ್ ಅಮ್ಮ ಮುಟ್ಟುವುದೇ ಇಲ್ಲ, ಮರೆವು ಇರಬಹುದಾ, ಅವರಿಗೆ ಸುಲಭವಾದದ್ದು ಯಾವುದು ಅಂತ ಕೇಳಿದ್ದೀರಿ. ನಿಮ್ಮ ತಾಯಿ ಅದನ್ನು ಮುಟ್ಟದಿರಲು ಕಾರಣ ಮರೆವಲ್ಲ ಅನಿಸುತ್ತದೆ, ಬಟನ್ ಜಾಸ್ತಿ ಅಷ್ಟೇ. ಒಂದೇ ಬಟನ್ ಇರುವ, ತಾನಾಗಿ ಆಫ್ ಆಗುವಂಥದ್ದು ನೋಡಿ.

ಕೊಳ್ಳುವ ಮೊದಲು ಅವರ ಕೈಯಲ್ಲೇ ಮುಚ್ಚಳ ತೆಗೆಸಿ, ಮುಚ್ಚಿಸಿ. ಕ್ಯಾಪ್ಸೂಲ್ (ಕಾಫಿಪುಡಿ ತುಂಬಿ ಮುಚ್ಚಿದ ಪುಟ್ಟ ಡಬ್ಬಿ) ಹಾಕುವ ಹಲವು ಮೆಷಿನ್ನುಗಳಲ್ಲಿ ಹಿಡಿ ಒತ್ತಿದಾಗಲೇ ಕ್ಯಾಪ್ಸೂಲಿಗೆ ತೂತು ಬೀಳುವುದು. ಬೆರಳಿನ ಗಂಟು ನೋವಿದ್ದವರಿಗೆ ಅದೇ ಕಷ್ಟ. ನಿಮ್ಮ ತಾಯಿಗೆ ಎಷ್ಟು ಬಲ ಇದೆ ಅಂತ ಇಲ್ಲಿಂದ ಹೇಳಲಾಗದು, ಒತ್ತಿಸಿಯೇ ನೋಡಬೇಕು. ಆಗದಿದ್ದರೆ ಕಾಫಿಪುಡಿಯನ್ನು ಚಮಚದಲ್ಲಿ ಹಾಕುವ ಜರಡಿ ಬುಟ್ಟಿಯದ್ದು ತೆಗೆದುಕೊಳ್ಳಿ.

ದೊಡ್ಡ ಟ್ಯಾಂಕ್ ಸುಮ್ನೆ ಭಾರ. ಕುಡಿಯುವ ಲೋಟದಲ್ಲೇ ನೀರು ಅಳೆದು ಮೇಲಿಂದ ಸುರಿಯುವಂಥದ್ದು ಸಾಕು, ಉಕ್ಕಿ ಚೆಲ್ಲುವ ಭಯವೂ ಇಲ್ಲ. ಆ ಲೋಟ ನಳಿಕೆಯ ಕೆಳಗೆ ಹಿಡಿಸುತ್ತದಾ ನೋಡಿ.

ಗಡಸು ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ. ಆ ಕ್ಲೀನಿಂಗ್ ಮಾತ್ರ ನೀವೇ ಮಾಡಿಕೊಡಿ.